ಅಮ್ಮನನ್ನು ಕೂರಿಸಿದ್ದು

ಬಾಳ್ಳುಪೇಟೆ
೧೭ ಜನವರಿ ೨೦೦೧

ಸುಮನಾ,

ಆಶೀರ್ವಾದವನ್ನು ಕಾಗದದ ಕೊನೆಗೆ ಇಟ್ಟುಕೊಂಡಿದ್ದೇನೆ. ಅಷ್ಟರಲ್ಲಿ ಕೋಪ ಇಳಿದರೆ ಬರೆಯುತ್ತೇನೆ. ಮೊದಲು ಸುದ್ದಿ ಕೇಳು. ಸಂಕ್ರಾಂತಿಯ ದಿನ ನಾನು ಸತ್ತೆ.

ಬೆಳಿಗ್ಗೆ ಕಣದಲ್ಲಿ ಕಾಫಿ ಹರಡುತ್ತಿದ್ದೆ. ಹಬ್ಬವಾದ್ದರಿಂದ ಆಳುಗಳು ಬಂದಿರಲಿಲ್ಲ, ತಲೆಗೆ ಟವೆಲು ಸುತ್ತಿಕೊಂಡು ನಾನೇ ಬಿಸಿಲಲ್ಲಿ ನಿಂತಿದ್ದೆ. ಆಲೂರಿನ ಸುಲೋಚನಮ್ಮ, ನನ್ನ ಚಿಕ್ಕಮ್ಮನ ಮಗಳು, ಗೇಟಿನಿಂದಲೇ ಗೋಳೋ ಎಂದು ಅಳುತ್ತ ಬಂದಳು. ಯಾರಿಗೆ ಏನಾಯಿತೋ ಎಂದು ನಾನು ಎದುರಿಗೆ ಹೋದರೆ ನನ್ನನ್ನು ದಾಟಿಕೊಂಡು ಒಳಗೆ ಓಡಿದಳು. ಆಳು ಎಂದುಕೊಂಡಿರಬೇಕು. ನಡುಮನೆಯಲ್ಲಿ ನನ್ನ ಹೆಣ ಹುಡುಕಿ, ಸಿಗದೆ ಅಡುಗೆಮನೆಗೆ ಹೋಗಿ, ಒಲೆಯ ಮೇಲೆ ಸಿಹಿ ಪೊಂಗಲ್ ಇದ್ದುದನ್ನು ನೋಡಿ, ಸಾವಿನ ಮನೆಯಲ್ಲಿ ಹಬ್ಬದಡುಗೆ ಮಾಡುತ್ತಿದ್ದಾರಲ್ಲ ಎಂದು ಇನ್ನಷ್ಟು ಅತ್ತಳಂತೆ. ನಾನು ಹಿಂದಿನಿಂದ ಹೋಗಿ ಅವಳ ಭುಜ ಮುಟ್ಟಿದೆ. ಅವಳು ಕಿರುಚಿದ್ದು ಹೆದ್ದಾರಿಯ ಲಾರಿಯವರಿಗೂ ಕೇಳಿಸಿರಬೇಕು.

ಅವಳ ಕೈಯಲ್ಲಿ ಆ ದಿನದ ಪೇಪರು ಇತ್ತು. ತೆಗೆದು ನೋಡಿದರೆ ಒಳಗಿನ ಪುಟದಲ್ಲಿ ನಾನು. ಮೈತುಂಬ ವಿಭೂತಿ ಬಳಿದ ಹಾಗೆ ಬೆಳ್ಳಗಾಗಿ, ಕಣ್ಣು ಮುಚ್ಚಿ, ಚಕ್ಕಳಮಕ್ಕಳ ಹಾಕಿಕೊಂಡು, ಎಡಗೈಯ ಅಂಗೈ ಮೇಲೆ ಮಾಡಿಕೊಂಡು ಕೂತಿದ್ದೇನೆ. ಕೆಳಗೆ ದಪ್ಪಕ್ಷರದಲ್ಲಿ ‘ಅಮ್ಮ’. ಅದರ ಕೆಳಗೆ ಸಣ್ಣಕ್ಷರದಲ್ಲಿ ನಿನ್ನ ಹೆಸರು. ಶಿಲ್ಪಪ್ರದರ್ಶನ ಎಂಬ ಮಾತು ಇನ್ನೂ ಸಣ್ಣಕ್ಷರದಲ್ಲಿ ಎಲ್ಲೋ ಮೂಲೆಯಲ್ಲಿತ್ತು. ಸತ್ತವರ ಕೈಗೆ ಲಿಂಗ ಕೊಟ್ಟು, ಹೀಗೆಯೇ ಕೂರಿಸಿ ಮಣ್ಣು ಮಾಡುವ ಜನ ನಾವು. ಈ ಚಿತ್ರ ನೋಡಿ ನಮ್ಮವರು ಬೇರೆ ಏನು ತಿಳಿದುಕೊಳ್ಳಬೇಕಿತ್ತು ಹೇಳು.

ಮಧ್ಯಾಹ್ನಕ್ಕೆ ಕುಂದೂರಿನಿಂದ ನಿನ್ನ ದೊಡ್ಡಪ್ಪ ಜೀಪಿನಲ್ಲಿ ಬಂದಿಳಿದರು. ಹಾರ, ಬಿಲ್ವಪತ್ರೆ, ವಿಭೂತಿಗಟ್ಟಿ, ಜೊತೆಗೆ ಮಠದ ಅಯ್ಯನವರು. ಕುಂದೂರಿನ ಹೊಲದಲ್ಲಿ, ನಿನ್ನ ಅಪ್ಪನ ಸಮಾಧಿಯ ಪಕ್ಕ ಗುಂಡಿ ತೆಗೆಯಲು ಹೇಳಿ ಬಂದಿದ್ದರಂತೆ. ನಾನೇ ನೀರು ತಂದುಕೊಟ್ಟೆ. ಲೋಟ ಹಿಡಿದುಕೊಂಡು ನನ್ನ ಮುಖವನ್ನೇ ನೋಡಿದರು. ಮೊದಲು ಅವರ ಕಣ್ಣಲ್ಲಿ ನೀರು ಬಂತು, ಸುಳ್ಳು ಹೇಳಬಾರದು. ಆಮೇಲೆ ಸಿಟ್ಟು ಬಂತು. ಬದುಕಿದ್ದೇನೆ, ತಪ್ಪಾಯಿತು ಭಾವ ಎಂದು ನಾನು ಕೈಮುಗಿಯುವುದೊಂದು ಬಾಕಿ.

“ಬದ್ಕಿರೋರ್ನ ಹಿಂಗೆ ಕೂರ್ಸಿ ಪೇಪರ್‌ಗೆ ಹಾಕುಸ್ತಾರೇನವ್ವ ಯಾರಾದ್ರೂ? ಅದ್ನ ತರ್ಸು. ಒಡೆದು ಮಣ್ಣು ಮಾಡಾಣ. ಅಲ್ಲೀಗಂಟ ನಿಮ್ ಹೊಸ್ಲು ನಾನು ತುಳಿಯಾಕಿಲ್ಲ” ಅಂದರು. ಎಲೆ ಹಾಕಿದ್ದೆವು, ಉಣ್ಣದೆ ಹೋದರು.

ನೀನು ನನಗೆ ಹೇಳಿದ್ದು ನಾಲ್ಕು ಜನ ಕಲೆ ತಿಳಿದವರು ನೋಡುತ್ತಾರೆ ಎಂದು. ಪೇಪರಿನ ಮಾತು ಎಲ್ಲೂ ಬಂದಿರಲಿಲ್ಲ. ಈಗ ಏನು ಮಾಡಬೇಕೆಂದು ಯೋಚಿಸಿ ಬರೆ. ಫೋನು ಮಾಡಬೇಡ. ಫೋನು ನಿನ್ನ ಅಣ್ಣ ಕುಮಾರನ ಅಂಗಡಿಯಲ್ಲಿದೆ, ಮೆಣಸು ತೂಗಿಸಲು ಬಂದವರೆಲ್ಲ ಕಿವಿ ಇಟ್ಟುಕೊಂಡು ನಿಂತಿರುತ್ತಾರೆ.

ಕೋಪ ಪೂರ್ತಿ ಇಳಿದಿಲ್ಲ. ಆದರೂ ಆಶೀರ್ವಾದ.

ಬದುಕಿರುವ ನಿನ್ನ ಅಮ್ಮ,
ವಿಶಾಲಮ್ಮ


ಬೆಂಗಳೂರು
೨೩ ಜನವರಿ ೨೦೦೧

ಅಮ್ಮ,

ಸುಲೋಚನಮ್ಮ ಚಿಕ್ಕಮ್ಮ ನಡುಮನೆಯಲ್ಲಿ ನಿನ್ನನ್ನು ಹುಡುಕಿದ್ದನ್ನು ಓದಿ ಮೊದಲು ಜೋರಾಗಿ ನಕ್ಕೆ. ಆಮೇಲೆ ದೊಡ್ಡಪ್ಪನ ಭಾಗಕ್ಕೆ ಬಂದಾಗ ನಗು ನಿಂತಿತು. ಅವರು ಗುಂಡಿ ತೆಗೆಯಲು ಹೇಳಿ ಬಂದಿದ್ದರು ಎನ್ನುವ ಸಾಲನ್ನು ಮತ್ತೆ ಮತ್ತೆ ಓದಿದೆ.

ಪೇಪರಿನವರು ಬಂದದ್ದು ನನಗೆ ಗೊತ್ತಿತ್ತು. ಹಬ್ಬದ ದಿನ ಹಾಕುತ್ತಾರೆ, ಅಷ್ಟು ದೊಡ್ಡದಾಗಿ ಹಾಕುತ್ತಾರೆ ಎಂದು ಗೊತ್ತಿರಲಿಲ್ಲ. ಇನ್ನು ಕೂತ ರೀತಿ. ಅದು ನಾನು ಹೇಳಿಕೊಟ್ಟದ್ದಲ್ಲ, ನೆನಪಿದೆಯಾ? ಕೂರು ಅಂದೆ ಅಷ್ಟೇ. ನೀನು ದಿನಾ ಬೆಳಿಗ್ಗೆ ಲಿಂಗಪೂಜೆಗೆ ಕೂರುವ ಹಾಗೆ ಕೂತೆ. ಅಲುಗದೆ ಕೂರುವುದು ನಿನಗೆ ಅದೊಂದೇ ರೀತಿಯಲ್ಲಿ ಬರುತ್ತದೆ. ಕಣ್ಣು ಮುಚ್ಚಿಸಿದ್ದು ಮಾತ್ರ ನಾನು, ಅಚ್ಚು ತೆಗೆಯಲು ಮುಖಕ್ಕೆ ಹಚ್ಚಿದ ಪ್ಲಾಸ್ಟರ್ ಕಣ್ಣೊಳಗೆ ಹೋಗದಿರಲಿ ಎಂದು. ಅಚ್ಚು ತೆಗೆದ ಮೇಲೆ ಕೆಲವರು ಕಣ್ಣು ತೆರೆದಂತೆ ಕೆತ್ತಿಬಿಡುತ್ತಾರೆ. ನಾನು ಕೆತ್ತಲಿಲ್ಲ. ನಿನ್ನ ಮೈ ಎಷ್ಟು ಕೊಟ್ಟಿತೋ ಅಷ್ಟೇ ಇರಲಿ ಎನ್ನಿಸಿತು.

ಇದೆಲ್ಲ ಯಾವ ಸೀಮೆಯ ಕಲೆ ಎಂದು ನೀನು ಕೇಳುತ್ತೀಯ. ನನ್ನ ಜೊತೆ ಬರೋಡದಲ್ಲಿ ಓದಿದವನೊಬ್ಬ ನೆಲದ ಮೇಲೆ ಹಸಿಮಣ್ಣು ಹರಡಿ, ಹಗಲೆಲ್ಲ ಅದರಲ್ಲಿ ಮಲಗಿದ್ದು, ಸಂಜೆ ಎದ್ದು ಹೋದ. ಅವನು ಮಲಗಿದ್ದ ತಗ್ಗನ್ನು ನೋಡಲು ಜನ ಒಂದು ವಾರ ಬಂದರು. ಇನ್ನೊಬ್ಬಳು ತಾನು ಬಾಡಿಗೆಗಿದ್ದ ಮನೆಗಳ ವಿಳಾಸಗಳನ್ನೆಲ್ಲ ಬೆನ್ನಿನ ಮೇಲೆ ಬರೆಸಿಕೊಂಡು ಪೇಟೆಯ ನಡುವೆ ನಿಂತಳು. ಹಿಂದಿನವರು ಮೈಯನ್ನು ನೋಡಿ ಕಲ್ಲಿನಲ್ಲಿ ಕೆತ್ತುತ್ತಿದ್ದರು. ನಮ್ಮ ಕಾಲದವರಿಗೆ ಮೈಯೇ ಕಲ್ಲು, ಮೈಯೇ ಉಳಿ.

ನಿನ್ನ ಮುಂದೆ ನಿಂತವರು ಬೇಗ ಹೋಗುತ್ತಿರಲಿಲ್ಲ ಅಮ್ಮ. ಒಬ್ಬ ಹೆಂಗಸು ಮೂಲೆಯಲ್ಲಿ ನಿಂತು ಮೂಗು ಒರೆಸಿಕೊಳ್ಳುತ್ತಿದ್ದಳು. ದೆಹಲಿಯಿಂದ ಬಂದಿದ್ದವರು ಏಪ್ರಿಲ್‌ನಲ್ಲಿ ಅಲ್ಲಿ ನಡೆಯುವ ದೊಡ್ಡ ಪ್ರದರ್ಶನಕ್ಕೆ ಇದನ್ನು ಕೇಳಿದ್ದಾರೆ. ಮಾರ್ಚ್ ಕೊನೆಗೆ ಲಾರಿ ಬರುತ್ತದೆ. ಇಷ್ಟು ವರ್ಷದಲ್ಲಿ ಯಾರಾದರೂ ನನ್ನನ್ನು ಹುಡುಕಿಕೊಂಡು ಬಂದದ್ದು ಇದೇ ಮೊದಲು. ಇದು ಹೋಗದಿದ್ದರೆ ನನಗೆ ಶಾಲೆಯ ಮಕ್ಕಳಿಗೆ ಮಾವಿನಹಣ್ಣು ಬಿಡಿಸಲು ಹೇಳಿಕೊಡುವ ಕೆಲಸವೇ ಗತಿ. ಆ ಕೆಲಸದಲ್ಲಿ ನಾನು ಕೊಳೆಯುತ್ತೇನೆ.

ದೊಡ್ಡಪ್ಪನಿಗೆ ಹೇಗಾದರೂ ಸಮಾಧಾನ ಹೇಳು. ಒಡೆಯುವ ಮಾತು ಮಾತ್ರ ಬೇಡ.

ನಿನ್ನ,
ಸುಮನಾ


ಬಾಳ್ಳುಪೇಟೆ
೬ ಫೆಬ್ರವರಿ ೨೦೦೧

ಸುಮನಾ,

ನಿನ್ನ ಕ್ಷೇಮಕ್ಕೆ ಹಾರೈಕೆ. ಗುಜರಾತಿನ ಭೂಕಂಪದ ಚಿತ್ರಗಳನ್ನು ನೋಡಿದೆ. ಬರೋಡದ ನಿನ್ನ ಗೆಳತಿಯರೆಲ್ಲ ಸುರಕ್ಷಿತವಾಗಿದ್ದಾರೆ ತಾನೇ?

ಮೈಯೇ ಕಲ್ಲು, ಮೈಯೇ ಉಳಿ ಎಂದು ಬರೆದೆಯಲ್ಲ, ಅದನ್ನು ಕಾಫಿ ಕೊಯ್ಯುವ ಹೆಂಗಸರಿಗೆ ಓದಿ ಹೇಳಿದೆ. ಮಣ್ಣಲ್ಲಿ ಮಲಗಿ ಎದ್ದವನ ಕಥೆಯನ್ನೂ ಹೇಳಿದೆ. ಲಿಂಗಮ್ಮ ಬುಟ್ಟಿ ಕೆಳಗಿಟ್ಟು, ಹಂಗಾದ್ರೆ ನಮ್ಮನೇರು ದಿನಾ ಸಾರಾಯಿ ಅಂಗಡಿ ಮುಂದೆ ಅದ್ನೇ ಮಾಡ್ತಾರೆ, ಅವರ್ನೂ ಡೆಲ್ಲಿಗೆ ಕಳ್ಸಿ ಅಂದಳು. ಎಲ್ಲರೂ ನಕ್ಕರು, ನಾನೂ ನಕ್ಕೆ. ಮನೆಗೆ ಬಂದ ಮೇಲೆ ಯೋಚನೆ ಬಂತು. ಮಣ್ಣಿನಲ್ಲಿ ಉಳಿದ ತಗ್ಗನ್ನು ನೋಡಲು ಜನ ಬಂದರೆಂದರೆ ಅವರು ನೋಡಿದ್ದು ಅವನನ್ನೋ, ಅವನು ಇಲ್ಲದ್ದನ್ನೋ? ಇದಕ್ಕೆ ಉತ್ತರ ಬರೆಯಬೇಡ, ನನಗೆ ತಲೆ ಕೆಡುತ್ತದೆ.

ಈಗ ಮುಖ್ಯ ವಿಷಯ. ನಿನ್ನ ದೊಡ್ಡಪ್ಪ ಕುಮಾರನನ್ನು ಕುಂದೂರಿಗೆ ಕರೆಸಿದ್ದರು. ಶಿವರಾತ್ರಿಯೊಳಗೆ ಅದನ್ನು ತರಿಸಿ ಒಡೆಯದಿದ್ದರೆ ನಿನ್ನ ಅಪ್ಪನ ಪಕ್ಕದ ಜಾಗ ನನಗಿಲ್ಲವಂತೆ. ಹೊಲ ಅವರದು, ಸಮಾಧಿಗಳಿರುವುದು ಅವರ ಹೊಲದಲ್ಲಿ, ಅವರು ಇಲ್ಲ ಅಂದರೆ ಇಲ್ಲ. ಬದುಕಿರುವಾಗಲೇ ಒಂದು ಸಲ ಕೂತು ಮುಗಿಸಿದವಳಿಗೆ ಇನ್ನೊಂದು ಗುಂಡಿ ಯಾಕೆ ಎಂದು ಕೇಳಿದರಂತೆ. ಕುಮಾರ ತಲೆ ತಗ್ಗಿಸಿಕೊಂಡು ಬಂದ. ಅವನು ಅವರೆದುರು ಮಾತಾಡುವುದಿಲ್ಲ, ನಿನಗೆ ಗೊತ್ತು.

ನಿನಗೆ ಇದು ಸಣ್ಣ ವಿಷಯ ಅನ್ನಿಸಬಹುದು. ನನಗೆ ಅಲ್ಲ. ನಿನ್ನ ಅಪ್ಪ ಹೋದ ಮೇಲೆ ನಾನು ಒಳಗೊಳಗೇ ಹಿಡಿದುಕೊಂಡಿರುವ ಒಂದೇ ಒಂದು ಆಸೆ ಅದು. ಅವರ ಪಕ್ಕ ಕೂರಬೇಕು. ಬದುಕಿದ್ದಾಗ ಸಂಜೆ ಜಗುಲಿಯಲ್ಲಿ ಪಕ್ಕ ಪಕ್ಕ ಕೂತವರು ನಾವು. ಹೆಚ್ಚು ಮಾತಾಡುತ್ತಿರಲಿಲ್ಲ.

ನನಗೆ ನಿದ್ದೆಯೂ ಸರಿಯಾಗಿ ಬರುತ್ತಿಲ್ಲ. ನನ್ನಂಥದೇ ಇನ್ನೊಂದು ಬೆಂಗಳೂರಿನಲ್ಲಿ ಕಣ್ಣು ಮುಚ್ಚಿ ಕೂತಿದೆ ಎಂದು ನೆನೆದರೆ ಎದ್ದು ಓಡಾಡುತ್ತೇನೆ. ಇಲ್ಲಿ ನಾನು ಕೆಮ್ಮಿದರೆ ಅದೂ ಕೆಮ್ಮೀತೇನೋ ಅನ್ನಿಸುತ್ತದೆ. ಇನ್ನೊಂದು. ಹಿಂದಿನಿಂದ ಯಾರೂ ಫೋಟೋ ತೆಗೆದಿಲ್ಲ ತಾನೇ? ಮುಂದೆ ಸೆರಗು ಇದೆ, ಸರಿ. ಬೆನ್ನು ಬರಿದು. ಬೆನ್ನಿನ ಮೇಲೆ ರವಿಕೆ ಬೇಡ ಎಂದು ನೀನು ಹಟ ಹಿಡಿದಾಗ ನಾನು ಯಾಕೆ ಒಪ್ಪಿದೆನೋ.

ಯಾಕೆ ಒಪ್ಪಿದೆ ಎಂದು ಗೊತ್ತು, ಬರೆದೇಬಿಡುತ್ತೇನೆ. ಅಕ್ಟೋಬರಿನಲ್ಲಿ ನಮ್ಮ ಮನೆಯ ಕಾಫಿ ಸ್ಟೋರಿನಲ್ಲಿ ನೀನು ನನ್ನ ಬೆನ್ನಿಗೆ ಕೊಬ್ಬರಿ ಎಣ್ಣೆ ಹಚ್ಚಿ, ಪ್ಲಾಸ್ಟರಿನ ಬಟ್ಟೆಯನ್ನು ನೀರಿನಲ್ಲಿ ಅದ್ದಿ ಅದ್ದಿ ಅಂಟಿಸುತ್ತ ಅಂಗೈಯಿಂದ ಸವರುತ್ತಿದ್ದೆ. ಮೊದಲು ತಣ್ಣಗೆ, ಆಮೇಲೆ ಅದು ಗಟ್ಟಿಯಾಗುತ್ತ ತಾನಾಗಿಯೇ ಬೆಚ್ಚಗಾಗುತ್ತಿತ್ತು. ನಿನ್ನ ಅಪ್ಪ ಹೋದ ಮೇಲೆ ನನ್ನ ಬೆನ್ನನ್ನು ಯಾರೂ ಮುಟ್ಟಿರಲಿಲ್ಲ ಮಗಳೇ. ಇನ್ನಷ್ಟು ಹೊತ್ತು ಆಗಲಿ ಎಂದುಕೊಂಡೇ ಕೂತಿದ್ದೆ. ಅದನ್ನು ಯಾರೋ ಕಾಣದವರು ಸುತ್ತುಬಂದು ನೋಡುತ್ತಾರೆ ಎಂದರೆ ನಾಚಿಕೆಯಾಗುತ್ತದೆ.

ಅದನ್ನು ಮನೆಗೆ ಕಳಿಸು. ನನ್ನ ಮಾತು ಇಷ್ಟೇ.

ಅಮ್ಮ


ಬೆಂಗಳೂರು
೧೩ ಫೆಬ್ರವರಿ ೨೦೦೧

ಅಮ್ಮ,

ಕಳಿಸುವುದಿಲ್ಲ.

ಕೆಲಸ ನನ್ನದು. ಮೈ ನಿನ್ನದು. ದೊಡ್ಡಪ್ಪನದು ಇದರಲ್ಲಿ ಏನಿದೆ? ಹೊಲ ಅವರದಿರಬಹುದು. ನಿನ್ನನ್ನು ಬೆದರಿಸಲು ಅಪ್ಪನನ್ನು ಅಡ್ಡ ಹಿಡಿಯುತ್ತಾರಲ್ಲ, ಅದನ್ನು ನಾನು ಸಹಿಸಲಾರೆ. ಅಪ್ಪನ ಹೆಸರೆತ್ತುವಾಗ ಅವರಿಗೆ ಏನೂ ಅನ್ನಿಸುವುದಿಲ್ಲವೇ?

ನೀನು ಒಂದು ಸಲವೂ ಕೇಳಲಿಲ್ಲ, ಸಾವಿರ ಭಂಗಿಗಳಿರುವಾಗ ಕೂರಿಸಿಯೇ ಯಾಕೆ ಅಚ್ಚು ತೆಗೆದೆ ಎಂದು. ನಾನೂ ಹೇಳಿರಲಿಲ್ಲ. ಈಗ ಹೇಳುತ್ತೇನೆ.

ಅಪ್ಪ ಹಾಸನದ ಆಸ್ಪತ್ರೆಯಲ್ಲಿ ಸಂಜೆಗೇ ತೀರಿಹೋದರು. ಮನೆಗೆ ತರುವಷ್ಟರಲ್ಲಿ ಮಾರನೆಯ ಬೆಳಗಾಗಿತ್ತು. ಮೈ ಸೆಟೆದಿತ್ತು. ಹೆಂಗಸರನ್ನೆಲ್ಲ ಹೊರಗೆ ಕಳಿಸಿ ಗಂಡಸರು ಬಾಗಿಲು ಹಾಕಿಕೊಂಡರು. ನಾನು ಅಡುಗೆಮನೆಯ ಕಡೆಯ ಬಾಗಿಲ ಹಿಂದೆ ನಿಂತಿದ್ದೆ. ಬಿಸಿನೀರು ತನ್ನಿ ಅಂದರು. ಇನ್ನೊಂದು ಹಂಡೆ ಅಂದರು. ಆಮೇಲೆ ಯಾರೋ, ಆಗಲ್ಲ, ಒತ್ತು ಅಂದರು. ಆಮೇಲೆ ಆ ಶಬ್ದ ಬಂತು, ಅಮ್ಮ. ಎರಡು ಸಲ.

ಬಾಗಿಲು ತೆರೆದಾಗ ಅಪ್ಪ ಹಾರ ಹಾಕಿಕೊಂಡು ಗೋಡೆಗೆ ಒರಗಿ ಚೆನ್ನಾಗಿ ಕೂತಿದ್ದರು. ಎಲ್ಲರೂ ಎಷ್ಟು ಕಳೆಯಾಗಿ ಕೂತಿದ್ದಾರೆ ನೋಡಿ ಅಂದರು. ನಾನು ಮೊಣಕಾಲು ನೋಡಿದೆ. ಪಂಚೆ ಮುಚ್ಚಿತ್ತು.

ಅಂದಿನಿಂದ ನಾನು ಮಾಡಿದ್ದೆಲ್ಲ ಮೊಣಕಾಲು, ಮಡಿಚಿದ ಕಾಲು. ಕಾಲೇಜಿನಲ್ಲಿ ಮೇಷ್ಟರು, ಪೂರ್ತಿ ಮನುಷ್ಯನನ್ನು ಯಾವಾಗ ಮಾಡುತ್ತೀಯಮ್ಮ ಎಂದು ಹಾಸ್ಯ ಮಾಡುತ್ತಿದ್ದರು. ನಿನ್ನನ್ನು ಕೂರಿಸಿದಾಗ ಪೂರ್ತಿಯಾಯಿತು. ಮೈ ಬೆಚ್ಚಗಿರುವಾಗ, ನಿನ್ನ ಕಾಲನ್ನು ನೀನೇ ಮಡಿಚಿಕೊಂಡು, ನಿನಗೆ ಹಿತವಾಗುವ ಹಾಗೆ ನೀನೇ ಕೂತೆ. ಯಾರೂ ಒತ್ತಲಿಲ್ಲ. ಅದನ್ನು ಒಡೆಯಿರಿ ಎಂದು ಅವರು ಹೇಳುತ್ತಾರೆ.

ಇನ್ನು ಬರೆಯಲಾರೆ.

ಸುಮನಾ


ಬಾಳ್ಳುಪೇಟೆ
೧೦ ಮಾರ್ಚ್ ೨೦೦೧

ಸುಮನಾ,

ಇಷ್ಟು ದಿನ ಬರೆಯಲಿಲ್ಲ. ಪೆನ್ನು ಹಿಡಿದರೆ ಕೈ ಓಡುತ್ತಿರಲಿಲ್ಲ. ನೀನು ಎರಡು ಸಲ ಅಂಗಡಿಗೆ ಫೋನು ಮಾಡಿದ್ದೆಯಂತೆ, ಕುಮಾರ ಹೇಳಿದ. ನಾನು ಊಟ ಮಾಡುತ್ತಿದ್ದೇನೆ, ತೋಟಕ್ಕೆ ಹೋಗುತ್ತಿದ್ದೇನೆ, ಎಲ್ಲ ಸರಿಯಾಗಿದೆ. ಸರಿಯಾಗಿಲ್ಲದ್ದು ಒಂದೇ.

ನಾನು ಹಿತ್ತಲಿನ ಬಚ್ಚಲೊಲೆಯ ಹತ್ತಿರ ಇದ್ದೆ. ಆ ಬಿಸಿನೀರು ಕಾಯಿಸಿದ್ದು ನಾನು. ಅಲ್ಲಿಗೂ ಕೇಳಿಸಿತು. ಕಟ್ಟಿಗೆ ಸಿಡಿಯಿತು ಎಂದು ನನಗೆ ನಾನೇ ಹೇಳಿಕೊಂಡೆ. ಪಕ್ಕದಲ್ಲಿದ್ದವರೂ ಕಟ್ಟಿಗೆ ಹಸಿಯಾಗಿದೆ ಅಂದರು. ಐದು ವರ್ಷ ಅದನ್ನು ಕಟ್ಟಿಗೆ ಎಂದೇ ಇಟ್ಟುಕೊಂಡಿದ್ದೆ. ನಾನೊಬ್ಬಳೇ ಕೇಳಿದ್ದು, ನನ್ನ ಜೊತೆಗೇ ಅದು ಮಣ್ಣಿಗೆ ಹೋಗಲಿ ಎಂದುಕೊಂಡಿದ್ದೆ. ನೀನು ಬಾಗಿಲ ಹಿಂದೆ ನಿಂತಿದ್ದೆ ಎಂದು ಓದಿದ ಮೇಲೆ ನಿನ್ನ ಮೇಲೆ ಸಿಟ್ಟು ಬಂತು, ಯಾಕೆ ಅಲ್ಲಿ ನಿಂತೆ ಎಂದು. ಆಮೇಲೆ ಅಳು ಬಂತು. ಆಮೇಲೆ ಮತ್ತೆ ಸಿಟ್ಟು.

ನನ್ನ ಭಯವನ್ನೂ ಹೇಳಿಬಿಡುತ್ತೇನೆ. ಸಾಯುವುದಕ್ಕೆ ನನಗೆ ಹೆದರಿಕೆಯಿಲ್ಲ. ಎಲ್ಲೋ ದೂರದಲ್ಲಿ ಸತ್ತು, ತಡವಾಗಿ ಮನೆಗೆ ಬಂದು, ಬಾಗಿಲು ಹಾಕಿಕೊಳ್ಳುತ್ತಾರಲ್ಲ, ಅದಕ್ಕೆ ಹೆದರಿಕೆ. ಅದಕ್ಕೇ ನಾನು ಹಾಸನಕ್ಕೂ ಒಂದು ರಾತ್ರಿ ಉಳಿಯುವ ಹಾಗೆ ಹೋಗುವುದಿಲ್ಲ. ಕಳೆದ ವರ್ಷ ನಿನ್ನ ಮನೆಗೆ ಕರೆದಾಗ ಕಾಫಿ ಕೊಯ್ಲು ಅಂದೆ. ಆಗ ಕೊಯ್ಲು ಇರಲಿಲ್ಲ.

ಶಿವರಾತ್ರಿ ಕಳೆಯಿತು. ನಿನ್ನ ದೊಡ್ಡಪ್ಪ ಬರಲಿಲ್ಲ, ಯುಗಾದಿಗೆ ಮೊದಲು ನಾಲ್ಕು ಜನರನ್ನು ಕೂರಿಸಿಕೊಂಡು ತೀರ್ಮಾನ ಮಾಡುತ್ತೇನೆ ಎಂದು ಹೇಳಿ ಕಳಿಸಿದ್ದಾರೆ. ಅವರಿಗೆ ಉತ್ತರ ಕೊಡುವ ಮೊದಲು ನಾನು ಅದನ್ನು ನೋಡಬೇಕು. ಪೇಪರಿನಲ್ಲಿ ನೋಡಿದ್ದು ಸಾಲದು. ಮಂಗಳವಾರ ಬೆಳಗಿನ ಮೊದಲ ಬಸ್ಸಿಗೆ ಹೊರಟು ಬರುತ್ತೇನೆ, ಸಂಜೆಯೊಳಗೆ ವಾಪಸು ಹೊರಡಬೇಕು. ಮೆಜೆಸ್ಟಿಕ್‌ನಲ್ಲಿ ನಿಂತಿರು. ನಾನು ಅದನ್ನು ನೋಡುತ್ತ ನಿಂತಿದ್ದಾಗ ಏನನ್ನೂ ವಿವರಿಸಲು ಬರಬೇಡ.

ಅಮ್ಮ


ಬೆಂಗಳೂರು
೧೪ ಮಾರ್ಚ್ ೨೦೦೧

ಅಮ್ಮ,

ನೀನು ಹೇಳಿದ ಹಾಗೆ ನಾನು ವಿವರಿಸಲಿಲ್ಲ. ನೀನೂ ಏನೂ ಹೇಳದೆ ಹೋಗಿಬಿಟ್ಟೆ. ನಿನ್ನೆ ರಾತ್ರಿಯಿಂದ ನನ್ನ ಕೆಲಸದ ಶೆಡ್ಡಿನಲ್ಲಿ ಅತ್ತಿಂದಿತ್ತ ತಿರುಗುತ್ತಿದ್ದೇನೆ. ಕೂತರೆ ನಿಲ್ಲಬೇಕು, ನಿಂತರೆ ಹೊರಗೆ ಹೋಗಬೇಕು.

ನೀನು ಮುಂದೆ ನಿಂತು ನೋಡುತ್ತೀಯ ಎಂದುಕೊಂಡಿದ್ದೆ. ಮುಖದ ಕಡೆ ಸರಿಯಾಗಿ ನೋಡಲೇ ಇಲ್ಲ. ನೇರ ಹಿಂದಕ್ಕೆ ಹೋದೆ. ಅಲ್ಲಿ ಎಷ್ಟು ಹೊತ್ತು ನಿಂತಿದ್ದೆ! ‘ನನ್ನ ಬೆನ್ನು ಇಷ್ಟೊಂದು ಬಗ್ಗಿದೆಯಾ?’ ಅಂದೆ, ನನ್ನನ್ನು ಕೇಳಿದ್ದೋ ಅದನ್ನು ಕೇಳಿದ್ದೋ ತಿಳಿಯಲಿಲ್ಲ. ಕೈ ಚಾಚಿದೆ, ಮುಟ್ಟದೆ ಹಿಂದಕ್ಕೆ ತೆಗೆದೆ. ಮುಟ್ಟು ಅಮ್ಮ ಎನ್ನಬೇಕೆಂದುಕೊಂಡೆ. ಆಮೇಲೆ ನಾನು ಮಾಡಿದ ಕಾಫಿ ಕುಡಿದು, ಇದು ಕಾಫಿಯಲ್ಲ, ಕಲಗಚ್ಚು ಅಂದೆ. ಬಸ್ಸಿನ ಕಿಟಕಿಯಿಂದ ನನ್ನ ಕೆನ್ನೆ ಸವರಿದೆ. ಅಷ್ಟೇ.

ನಿನ್ನೆದುರು ಒಂದು ವಿಷಯ ಹೇಳಲಾಗಲಿಲ್ಲ. ದೆಹಲಿಯ ನಂತರ ಇದನ್ನು ಜರ್ಮನಿಗೆ ಕಳಿಸುವ ಮಾತಿದೆ. ಜೊತೆಗೆ ನನ್ನನ್ನೂ. ಅಲ್ಲಿ ಒಂದು ವರ್ಷ ಇದ್ದು ಕೆಲಸ ಮಾಡಬಹುದು, ಎರಡು ವರ್ಷವೂ ಆಗಬಹುದು. ಹೋಗಬೇಕೆಂದು ನನಗೆ ತುಂಬ ಆಸೆಯಿದೆ. ಆದರೆ ನೀನು ಆ ಭಯವನ್ನು ಬರೆದ ಮೇಲೆ, ಜರ್ಮನಿ ಎಂದು ಕೇಳಿದರೆ ಅಪ್ಪನನ್ನು ಹಾಸನದಿಂದ ತಂದ ಜೀಪೇ ಕಣ್ಣೆದುರು ಬರುತ್ತದೆ. ನೀನು ಇಲ್ಲಿ, ನಾನು ಅಲ್ಲಿ, ನಡುವೆ ಸಮುದ್ರ.

ಪೆಟ್ಟಿಗೆ ಮಾಡಿಸಿದ್ದೇನೆ. ಇದೇ ಇಪ್ಪತ್ತೆಂಟಕ್ಕೆ ಲಾರಿ. ಅಪ್ಪನ ಪಕ್ಕದ ಜಾಗ ನಿನಗೆ ಎಷ್ಟು ಮುಖ್ಯ ಎಂದು ಈಗ ನನಗೆ ಗೊತ್ತು. ನೀನು ಒಡೆ ಅಂದರೆ ಒಡೆಯುತ್ತೇನೆ. ದೊಡ್ಡಪ್ಪನ ಆಳುಗಳ ಕೈಗೆ ಕೊಡುವುದಿಲ್ಲ, ನಾನೇ ಒಡೆಯುತ್ತೇನೆ. ಕಳಿಸು ಅಂದರೆ ಕಳಿಸುತ್ತೇನೆ. ಏನಾದರೂ ಒಂದು ಹೇಳು. ಹೀಗೆ ಸುಮ್ಮನಿರಬೇಡ ಅಮ್ಮ.

ಸುಮನಾ


ಬಾಳ್ಳುಪೇಟೆ
೨೨ ಮಾರ್ಚ್ ೨೦೦೧

ಸುಮನಾ,

ಈ ಸಲ ಆಶೀರ್ವಾದ ಮೊದಲೇ. ತಲೆ ತುಂಬ, ಕೈ ತುಂಬ.

ಕಳಿಸು. ದೆಹಲಿಗೂ ಕಳಿಸು, ಜರ್ಮನಿಗೂ ಕಳಿಸು.

ಅಂದು ನಾನು ಯಾಕೆ ಮಾತಾಡಲಿಲ್ಲ ಎಂದರೆ, ಯಾರಿಗೂ ತನ್ನ ಬೆನ್ನು ಕಾಣುವುದಿಲ್ಲ. ನನಗೆ ಕಂಡಿತು. ಮೆಣಸಿನ ಮೂಟೆ, ನೀರಿನ ಕೊಡ, ನಿಮ್ಮಿಬ್ಬರನ್ನು ಹೊತ್ತದ್ದು, ಎಲ್ಲ ಅಲ್ಲೇ ಇತ್ತು. ಹೊತ್ತಾಗ ಭಾರ ಅನ್ನಿಸಿರಲಿಲ್ಲ. ನೋಡಿದಾಗ ಪಾಪ ಅನ್ನಿಸಿತು, ಯಾರೋ ಬೇರೆ ಹೆಂಗಸನ್ನು ನೋಡಿದ ಹಾಗೆ. ಒಂದು ಚೂರು ಹೆಮ್ಮೆಯೂ ಆಯಿತು. ನಾಚಿಕೆ ಎಲ್ಲಿ ಹೋಯಿತೋ ಗೊತ್ತಿಲ್ಲ. ನೋಡುವವರು ನೋಡಲಿ.

ಭಾನುವಾರ ನಿನ್ನ ದೊಡ್ಡಪ್ಪ ಬಂದರು. ಹೊಸ್ತಿಲು ತುಳಿಯುವುದಿಲ್ಲ ಎಂದಿದ್ದರಲ್ಲ, ಜಗುಲಿಯಲ್ಲೇ ಕೂತರು. ಜೊತೆಗೆ ಕುಂದೂರಿನ ಮೂವರು ಹಿರಿಯರು, ಅಯ್ಯನವರು. ಮೂರ್ತಿ ಎಲ್ಲಿ ಎಂದು ಕೇಳಿದರು. ಬರುವುದಿಲ್ಲ ಎಂದೆ. ಹಾಗಾದರೆ ಜಾಗದ ಆಸೆ ಬಿಡು ಅಂದರು. ಕುಮಾರ ಕಂಬ ಹಿಡಿದುಕೊಂಡು ನಿಂತಿದ್ದ. ನಾನು ಹೇಳಿದ್ದು ನೆಟ್ಟಗೆ ಬಂತು.

“ಜಾಗ ನಿಮ್ದು ಭಾವ, ನೀವೇ ಇಟ್ಕಳಿ. ಮೈ ನಂದು. ಅದನ್ನ ಎಲ್ಲಿ ಕೂರುಸ್ಬೇಕು, ಯಾರು ಕೂರುಸ್ಬೇಕು ಅನ್ನೋದ್ನ ನಾನ್ ಹೇಳ್ತೀನಿ. ಬಾಗ್ಲು ಹಾಕ್ಕಂಡು ಕೂರ್ಸೋದು ಬ್ಯಾಡ.”

ಕೊನೆಯ ಮಾತು ಅವರಿಗೆ ತಾಗಿತು. ಮುಖ ಕಪ್ಪಿಟ್ಟಿತು. ಟವೆಲು ಕೊಡವಿಕೊಂಡು ಎದ್ದರು. ಜೀಪು ಹತ್ತಿ ಹೊರಟರು. ನನಗೆ ಅವರ ಮೇಲೆ ಸಿಟ್ಟು ಉಳಿದಿಲ್ಲ. ಅಂದು ಆ ಕೋಣೆಯಲ್ಲಿ ಅವರ ತಮ್ಮನೇ ಅಲ್ಲವೇ ಮಲಗಿದ್ದದ್ದು.

ತೋಟದ ಮೇಲಿನ ಪಾಲಿನಲ್ಲಿ, ಬಂಡೆಯ ಪಕ್ಕ, ನನಗೆ ಒಂದು ಜಾಗ ಗುರುತು ಮಾಡಿಸಿದ್ದೇನೆ. ಅಲ್ಲಿಂದ ಕುಂದೂರಿನ ಕಡೆಯ ಗುಡ್ಡ ಕಾಣುತ್ತದೆ. ನಿನ್ನ ಅಪ್ಪನ ಪಕ್ಕ ಕೂರಬೇಕೆಂಬ ಆಸೆ ಹೋಯಿತೇ ಎಂದು ಕೇಳಬೇಡ. ಹೋಗಿಲ್ಲ. ನಾನು ಕೊಟ್ಟದ್ದು ಸಣ್ಣದು ಎಂದು ನೀನು ತಿಳಿಯಬಾರದು, ಅದಕ್ಕೇ ಬರೆದೆ.

ಇನ್ನು ನಿನ್ನ ಜರ್ಮನಿ. ನೀನು ನನ್ನ ಭಯಕ್ಕೆ ಹೆದರಿ ಹೋಗದೆ ಉಳಿದರೆ, ದಿನಾ ಬೆಳಿಗ್ಗೆ ನನ್ನ ಉಸಿರು ನೋಡಿಕೊಂಡು ಮಾವಿನಹಣ್ಣು ಬಿಡಿಸುತ್ತ ಕೂರುತ್ತೀಯ. ಅದು ನನಗೆ ಬೇಡ. ಭಾನುವಾರ ರಾತ್ರಿಯೆಲ್ಲ ಯೋಚನೆ ಮಾಡಿದೆ. ಮಾರನೆಯ ದಿನ ಸಂಜೆ ಅಂಗಡಿ ಮುಚ್ಚಿ ಬಂದ ಕುಮಾರನನ್ನು ನಡುಮನೆಗೆ ಕರೆದೆ. ಚಾಪೆ ಹಾಸಿ, ಕಾಲು ಚಾಚಿ ಮಲಗಿ, ನನ್ನನ್ನು ಕೂರಿಸು ಎಂದೆ.

ನನಗೆ ತಲೆ ಕೆಟ್ಟಿತು ಎಂದುಕೊಂಡ. ಹೆಂಡತಿಯನ್ನು ಕೂಗಲು ಹೋದ. ನಾನು ಬಿಡಲಿಲ್ಲ. ಕಾಲ ಬಳಿ ಕೂತು ನನ್ನ ಮೊಣಕಾಲಿನ ಮೇಲೆ ಕೈ ಇಟ್ಟ. ಇಟ್ಟ ಕೈಯನ್ನು ಒತ್ತಲೂ ಇಲ್ಲ, ತೆಗೆಯಲೂ ಇಲ್ಲ. ಮುಖವನ್ನು ಗೋಡೆಯ ಕಡೆ ತಿರುಗಿಸಿಕೊಂಡು ಹೇಳಿದ: “ಅಪ್ಪನ್ ಕಾಲು ಮಡಿಸ್ದೋನು ನಾನೇ ಕಣಮ್ಮ. ದೊಡ್ಡಪ್ಪ ಭುಜ ಹಿಡ್ಕಂಡಿದ್ರು. ಒತ್ತಿದ್ದು ನಾನು.”

ನೀನು ಬಾಗಿಲ ಹಿಂದೆ, ನಾನು ಒಲೆಯ ಮುಂದೆ, ಇವನು ಆ ಕೋಣೆಯೊಳಗೆ. ಇವನಿಗೆ ನಮ್ಮಂತೆ ಕೇಳಿದ್ದು ಮಾತ್ರವಲ್ಲ, ಕೈಗೂ ತಿಳಿದಿತ್ತು. ಆ ಕೈಯಲ್ಲಿ ಐದು ವರ್ಷದಿಂದ ಮೆಣಸು ತೂಗಿ, ಮಕ್ಕಳನ್ನು ಎತ್ತಿ, ಊಟ ಮಾಡಿದ್ದಾನೆ. ನಾನು ಎದ್ದು ಕೂತು ಅವನ ತಲೆಯನ್ನು ಎದೆಗೆ ಒತ್ತಿಕೊಂಡೆ. ಅಷ್ಟು ದೊಡ್ಡ ಗಂಡಸು ಬಿಕ್ಕಿ ಬಿಕ್ಕಿ ಅತ್ತ. ಅಳು ನಿಂತ ಮೇಲೆ ನಾನು ಮತ್ತೆ ಮಲಗಿದೆ. ಅವನ ಕೈ ಹಿಡಿದು ನನ್ನ ಮೊಣಕಾಲಿನ ಮೇಲೆ ಇಟ್ಟೆ.

“ಇದು ಬೆಚ್ಚಗೈತೆ ಕಣೋ. ನಿಧಾನಕ್ಕೆ ಮಡ್ಸು” ಎಂದೆ.

ಮಡಿಸಿದ. ಎಡಗಾಲು ಸುಲಭಕ್ಕೆ ಬಂತು. ಬಲಗಾಲು ಅರ್ಧಕ್ಕೆ ನಿಲ್ಲುತ್ತದೆ, ಅಲ್ಲಿ ಸ್ವಲ್ಪ ಕಾಯಬೇಕು, ತೊಡೆಯ ಕೆಳಗೆ ಕೈ ಕೊಟ್ಟು ಹೊರಗೆ ವಾಲಿಸಿದರೆ ತಾನೇ ಬರುತ್ತದೆ. ಅಕ್ಟೋಬರಿನಲ್ಲಿ ನಿನ್ನೆದುರು ನಾನೇ ಕೂತದ್ದೂ ಹಾಗೇ ಅಲ್ಲವೇ? ಅದನ್ನೇ ಹೇಳಿಕೊಟ್ಟೆ. ಈಗ ದಿನಾ ಸಂಜೆ ಒಂದು ಸಲ ಕೂರಿಸುತ್ತಾನೆ. ಮೊದಲೆರಡು ದಿನ ಸೊಸೆ ಒಳಗಿನ ಕೋಣೆಗೆ ಹೋಗಿಬಿಡುತ್ತಿದ್ದಳು, ನಿನ್ನೆ ಬಂದು ಅವಳೂ ಬೆನ್ನಿಗೆ ಕೈ ಕೊಟ್ಟಳು. ನನ್ನ ಮಂಡಿನೋವೂ ಕಡಿಮೆಯಾಗಿದೆ.

ಉಸಿರು ನಿಂತ ಕೂಡಲೇ ಕೂರಿಸು, ಯಾರನ್ನೂ ಕಾಯಬೇಡ ಎಂದು ಅವನಿಗೆ ಹೇಳಿದ್ದೇನೆ. ನಿನ್ನನ್ನೂ ಕಾಯಬೇಡ ಎಂದಿದ್ದೇನೆ. ಬೇಸರ ಮಾಡಿಕೊಳ್ಳಬೇಡ. ನೀನು ಹತ್ತಿರವಿದ್ದರೆ ನಿನ್ನ ಕೈಯೇ ಆಗಲಿ, ಇಲ್ಲದಿದ್ದರೆ ಕುಮಾರನ ಕೈಗೆ ಈಗ ಅಭ್ಯಾಸವಾಗಿದೆ. ನೀನು ಹೋಗು ಮಗಳೇ, ಎಷ್ಟು ದೂರ ಬೇಕೋ ಅಷ್ಟು ದೂರ ಹೋಗು.

ನಿನ್ನ ಅಮ್ಮ,
ವಿಶಾಲಮ್ಮ